ಪಾರ್ಕಿನ್ಸನ್ ಇರುವ ಅಪ್ಪ, ಓಣಿಯ ಇನ್ನೂ ಮೂರು ಜನ: ಇವರೆಲ್ಲ ಕೈಯಾರೆ ಕೆಲಸ ಮಾಡುವಂಥ ತೋಟ ಹೇಗೆ ಕಟ್ಟಿಸಲಿ?

ಕೆಲಗೇರಿ ಟೀಚರ್ (ಧಾರವಾಡ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ. ನವಲಗುಂದ ತಾಲ್ಲೂಕಿನ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಜೀವನ ತೆಗೆದವರು. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ. ಹಿಂಗಾರಿಗೆ ಕಡಲೆ, ಬಿಳಿಜೋಳ. ಈಗ ಹೊಲ ಲಾವಣಿಗೆ ಕೊಟ್ಟು ಧಾರವಾಡದಲ್ಲಿ ನಮ್ಮ ಜೊತೆ ಇದ್ದಾರೆ. ಬಲಗೈ ನಡುಗುತ್ತದೆ. ನಡೆಯುತ್ತಾ ಬಂದವರು ಬಾಗಿಲ ಹತ್ತಿರ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ತಿರುಗುವಾಗಲೂ ಅಷ್ಟೇ.

ಡಾಕ್ಟರು "ಹೊರಗೆ ಕರ್ಕೊಂಡು ಹೋಗಿ, ಸುಮ್ನೆ ಕೂರಿಸಬೇಡಿ" ಅಂದಿದ್ದಾರೆ. ಹತ್ತಿರದ ಪಾರ್ಕಿಗೆ ಕರೆದುಕೊಂಡು ಹೋದರೆ ಬೆಂಚಿನ ಮೇಲೆ ಕೂತು, "ಇಲ್ಲಿ ಕುಂತು ಏನ್ ಮಾಡ್ಲಿ? ಒಂದು ಕುರುಪಿ ಕೊಡು" ಅನ್ನುತ್ತಾರೆ. ಆ ಮಾತು ನನ್ನ ತಲೆಯಲ್ಲೇ ಉಳಿದಿದೆ.

ನಮ್ಮ ಮನೆ ಪಕ್ಕ ಕಾಕಾ ಅವರ 30x40 ಸೈಟ್ ಖಾಲಿ ಇದೆ. ಸದ್ಯಕ್ಕೆ ಮನೆ ಕಟ್ಟುವ ವಿಚಾರ ಇಲ್ಲ, ಏನು ಬೇಕಾದರೂ ಬೆಳೆದುಕೊಳ್ಳಿ ಅಂದಿದ್ದಾರೆ. ಓಣಿಯಲ್ಲಿ ವಿಚಾರಿಸಿದಾಗ ಇನ್ನೂ ಮೂರು ಜನ ಬರುತ್ತೇವೆ ಅಂದರು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಅವರಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಸೋತಿವೆ. ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ) ಇರುವ ಒಬ್ಬ ಹುಡುಗಿ, ಕೆಲವು ದಿನ ಕೋಲು, ಕೆಲವು ದಿನ ವೀಲ್‌ಚೇರ್. ಮತ್ತೆ ಮರೆವಿನ ಕಾಯಿಲೆಯ ಒಬ್ಬ ಅಜ್ಜಿ, ಅವರ ಜೊತೆ ಸೊಸೆ ಬರುತ್ತಾರೆ.

ಇಂಟರ್ನೆಟ್‌ನಲ್ಲಿ ಹುಡುಕಿದರೆ ಬರೀ ವಿದೇಶದ ಫೋಟೋ. ಮರದ ಪೆಟ್ಟಿಗೆ, ಲ್ಯಾವೆಂಡರ್, ಹುಲ್ಲುಹಾಸು. ನಮ್ಮ ಮಳೆಗೆ, ನಮ್ಮ ಬಿಸಿಲಿಗೆ, ನಳದ ನೀರು ಬಂದಾಗ ಹಿಡಿದಿಟ್ಟುಕೊಳ್ಳುವ ನಮ್ಮ ಮನೆಗಳಿಗೆ ಏನು ಹೊಂದುತ್ತದೆ? ದಾರಿ ಎಷ್ಟು ಅಗಲ ಬೇಕು? ಮಡಿ ಎಷ್ಟು ಎತ್ತರ? ಯಾವ ಗಿಡ? ಇನ್ನೊಂದು, ಸಂಬಂಧಿಕರೊಬ್ಬರು "ಕಾಯಿಲೆ ಇದ್ದವರಿಗೆ ಮಣ್ಣು ಮುಟ್ಟಿಸಬೇಡಿ, ಸೋಂಕಾಗುತ್ತದೆ" ಅಂತ ಹೆದರಿಸಿದ್ದಾರೆ. ಅದು ನಿಜವೇ?

ಗೊತ್ತಿದ್ದವರು ಹೇಳಿ. ಮಾಡಿದರೆ ಸರಿಯಾಗಿಯೇ ಮಾಡಬೇಕು ಅಂತ ನನ್ನ ಆಸೆ.

ಹುಬ್ಬಳ್ಳಿ ಫಿಜಿಯೋ:

ಟೀಚರ್, ನಿಮ್ಮ ಅಪ್ಪ ಕುರುಪಿ ಕೇಳಿದ್ದು ಬಹಳ ಒಳ್ಳೆಯ ಸುದ್ದಿ. ಅಲ್ಲಿಂದಲೇ ಶುರು ಮಾಡಿ. ನಾನು ನರರೋಗದವರ ಜೊತೆ ಕೆಲಸ ಮಾಡುವ ಫಿಜಿಯೋಥೆರಪಿಸ್ಟ್. ಕ್ಲಿನಿಕ್ಕಿನಲ್ಲಿ ಬೆರಳಿಗೆ ವ್ಯಾಯಾಮ ಅಂತ ಮಣಿ ಎತ್ತಿಡಿಸುತ್ತೇವೆ, ಕ್ಲಿಪ್ ಹಾಕಿಸಿ ತೆಗೆಸುತ್ತೇವೆ. ಜನರಿಗೆ ಬೇಗ ಬೇಜಾರು ಬರುತ್ತದೆ, ಮನೆಗೆ ಹೋದ ಮೇಲೆ ಮಾಡುವುದಿಲ್ಲ. ನಿಮ್ಮ ಅಪ್ಪ ಕಡಲೆ ಬೆಳೆದವರು. ಒಂದು ತಿಂಗಳ ಕಡಲೆಯ ಕುಡಿ ಚಿವುಟಿದರೆ ಟಿಸಿಲು ಜಾಸ್ತಿ ಒಡೆಯುತ್ತವೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಚಿವುಟುವುದು ಇದೆಯಲ್ಲ, ಹೆಬ್ಬೆರಳು ತೋರುಬೆರಳು ಸೇರಿಸಿ ಹಿಡಿಯುವ ಅದೇ ವ್ಯಾಯಾಮ. ಸೊಂಟದ ಎತ್ತರದ ಮಡಿಯಲ್ಲಿ ಕಡಲೆ ಇದ್ದರೆ ನಿಂತುಕೊಂಡೇ ಮಾಡಬಹುದು, ಸಂಜೆಗೆ ಪಲ್ಯಕ್ಕೂ ಆಯಿತು.

ಆದ್ದರಿಂದ ಮೊದಲು ಅಳತೆ ಟೇಪು ಹಿಡಿಯಬೇಡಿ. ನಾಲ್ಕೂ ಜನರನ್ನು ಕೂರಿಸಿ, ಯಾರಿಗೆ ಯಾವ ಕೆಲಸ ಇಷ್ಟ ಅಂತ ಕೇಳಿ. ನೋಡುವುದಕ್ಕೆ ಇರುವ ತೋಟ ಬೇರೆ, ಮಾಡುವುದಕ್ಕೆ ಇರುವ ತೋಟ ಬೇರೆ.

ನೋಡುವುದರಿಂದಲೂ ಉಪಯೋಗ ಇದೆ. ರೋಜರ್ ಉಲ್ರಿಚ್ ಎಂಬುವರು 1984ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರು, ಕಿಟಕಿಯಿಂದ ಮರ ಕಾಣುವವರು 23 ಜನ, ಇಟ್ಟಂಗಿ ಗೋಡೆ ಕಾಣುವವರು 23 ಜನ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ನ್ಯೂಯಾರ್ಕಿನ ರಸ್ಕ್ ಪುನಶ್ಚೇತನ ಸಂಸ್ಥೆಯಲ್ಲಿ 1959ರಲ್ಲೇ ಒಂದು ಗಾಜಿನ ಮನೆ ತೋಟ ಶುರುವಾಗಿತ್ತು. ಇಂಗ್ಲೆಂಡಿನ ಸ್ಯಾಲಿಸ್ಬರಿಯಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗಾಗಿ 2012ರಲ್ಲಿ ಆಸ್ಪತ್ರೆ ಪಕ್ಕ ತೋಟ ಮಾಡಿದರು. ಎದ್ದು ಕೂರಲಾಗದವರನ್ನು ಮಂಚ ಸಮೇತ ಹೊರಗೆ ತರಬಹುದು, ದಾರಿ ಅಷ್ಟು ಅಗಲ. ಹಾಗಂತ ತೋಟ ಪಾರ್ಕಿನ್ಸನ್ ವಾಸಿ ಮಾಡುವುದಿಲ್ಲ. ಗುಳಿಗೆ, ವ್ಯಾಯಾಮ ಎರಡೂ ಬೇಕೇ ಬೇಕು. ತೋಟ ಕೈಕಾಲು ಆಡಲು ಒಂದು ಕಾರಣ ಕೊಡುತ್ತದೆ. ನನ್ನ ಲೆಕ್ಕದಲ್ಲಿ ಅದು ಸಣ್ಣ ಮಾತಲ್ಲ.

ಈಗ ಒಬ್ಬೊಬ್ಬರ ವಿಷಯ. ಅಪ್ಪನಿಗೆ ಕಾಲು ಹಿಡಿದುಕೊಳ್ಳುವುದು ಇಕ್ಕಟ್ಟಿನಲ್ಲಿ, ತಿರುವಿನಲ್ಲಿ. ಹಾಗಾಗಿ ಗೇಟು 4 ಅಡಿ ಇರಲಿ. ದಾರಿಯಲ್ಲಿ ಚೂಪು ತಿರುವು ಬೇಡ, ದೊಡ್ಡದಾಗಿ ಸುತ್ತಿಕೊಂಡು ಬರುವ ಹಾಗಿರಲಿ. ಪಾರ್ಕಿನ್ಸನ್ ಇರುವ ಸುಮಾರು ಜನರಿಗೆ ನೆಲದ ಮೇಲೆ ಅಡ್ಡ ಗೆರೆ ಇದ್ದರೆ ಅದನ್ನು ದಾಟುವ ಹಾಗೆ ಹೆಜ್ಜೆ ಎತ್ತಲು ಬರುತ್ತದೆ. ಎಲ್ಲರಿಗೂ ಆಗುವುದಿಲ್ಲ. ನೀವು ಟೀಚರ್, ಮನೆಯಲ್ಲಿ ಸೀಮೆಸುಣ್ಣ ಇದ್ದೇ ಇರುತ್ತದೆ. ಬಾಗಿಲ ಮುಂದೆ ಒಂದೊಂದು ಹೆಜ್ಜೆಗೆ ಒಂದು ಗೆರೆ ಎಳೆದು ಇವತ್ತೇ ನೋಡಿ. ಕೆಲಸ ಮಾಡಿದರೆ ತೋಟದಲ್ಲಿ ಬಣ್ಣದಿಂದ ಬರೆಸಿ. ಆದರೆ ಗೇಟು ಮತ್ತು ತಿರುವಿನಲ್ಲಿ ಮಾತ್ರ, ತೆಳುವಾದ ಬಿಳಿ ಅಥವಾ ಹಳದಿ ಗೆರೆ. ಕಾರಣ ನಿಮ್ಮ ಅಜ್ಜಿ. ಮರೆವಿನ ಕಾಯಿಲೆ ಇರುವವರಿಗೆ ನೆಲದ ಮೇಲಿನ ದಪ್ಪ ಕಪ್ಪು ಪಟ್ಟೆ ಗುಂಡಿ ಅಂತ ಕಂಡು ಹೆಜ್ಜೆ ಇಡಲು ಹೆದರಬಹುದು. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ತೊಂದರೆ. ಇಂಥದ್ದು ಇನ್ನೂ ಬರುತ್ತವೆ, ಇಬ್ಬರನ್ನೂ ನಡೆಸಿ ನೋಡಿಯೇ ತೀರ್ಮಾನಿಸಿ.

ಗುಳಿಗೆ ತೆಗೆದುಕೊಂಡ ಮೇಲೆ ಅಪ್ಪನ ಮೈ ಸಡಿಲ ಆಗುವ ಹೊತ್ತು ನಿಮಗೆ ಗೊತ್ತಿರುತ್ತದೆ. ತೋಟದ ಕೆಲಸ ಆ ಹೊತ್ತಿಗೆ ಇಡಿ. ಬಗ್ಗಿ ಒಮ್ಮೆಲೇ ಎದ್ದರೆ ಬಿಪಿ ಇಳಿದು ತಲೆ ತಿರುಗುವುದು ಈ ಕಾಯಿಲೆಯಲ್ಲಿ ಜಾಸ್ತಿ. ಎತ್ತರದ ಮಡಿ ಬೇಕು ಅನ್ನುವುದು ಸೊಂಟ ನೋವಿಗೆ ಮಾತ್ರ ಅಲ್ಲ.

ಬ್ಯಾಂಕಿನವರಿಗೆ ಎಡಗಡೆ ಲಕ್ವ ಅಂದಿರಿ. ಕೆಲವರಿಗೆ ಎಡಭಾಗದಲ್ಲಿ ಇರುವುದು ಕಣ್ಣು ಸರಿ ಇದ್ದರೂ ಗಮನಕ್ಕೇ ಬರುವುದಿಲ್ಲ. ತಟ್ಟೆಯ ಎಡಗಡೆ ಅನ್ನ ಹಾಗೇ ಬಿಡುತ್ತಾರಾ, ಮನೆಯವರನ್ನು ಕೇಳಿ. ಹೌದಾದರೆ ಅವರ ಮಡಿಯ ಎಡತುದಿಗೆ ಕೆಂಪೋ ಹಳದಿಯೋ ಕಣ್ಣಿಗೆ ಹೊಡೆಯುವ ಚೆಂಡು ಹೂ ಹಾಕಿ, "ಚೆಂಡು ಹೂ ಸಿಗುವ ತನಕ ನೀರು ಹಾಕಿ" ಅನ್ನಿ. ತಲೆ ತಾನಾಗಿ ಎಡಕ್ಕೆ ತಿರುಗುತ್ತದೆ. ಸೋತ ಕೈ ಹಿಡಿದು ಮಾತ್ರ ಯಾರೂ ಎಳೆಯಬೇಡಿ, ಭುಜದ ಕೀಲು ಜಾರುತ್ತದೆ.

ಮಣ್ಣಿನ ಬಗ್ಗೆ: ಧನುರ್ವಾಯು ಚುಚ್ಚುಮದ್ದು ಹತ್ತು ವರ್ಷದೊಳಗೆ ಆಗಿದೆಯೇ ನೋಡಿ. ಗಾಯ ಇದ್ದರೆ ಮುಚ್ಚಿ, ಕೈಗವಸು ಹಾಕಿ, ಆಮೇಲೆ ಸೋಪಿನಿಂದ ಕೈ ತೊಳೆದರೆ ಆಯಿತು. ಎಂಎಸ್ ಇರುವವರು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಗೊಬ್ಬರ ಮುಟ್ಟುವ ಮೊದಲು ಅವರ ಡಾಕ್ಟರನ್ನು ಕೇಳಬೇಕು.

ಗದಗ ಗೌಂಡಿ:

ಅಕ್ಕಾರೆ, ನಾನು ಕಟ್ಟಡ ಕೆಲಸದವನು. ಫಿಜಿಯೋ ಸರ್ ಮೈ ಬಗ್ಗೆ ಹೇಳಿದರು, ನಾನು ನೆಲದ ಬಗ್ಗೆ ಹೇಳುತ್ತೇನೆ.

ನಿಮ್ಮ ಕೆಲಗೇರಿ ಕಡೆ ಕೆಂಪು ಮಣ್ಣಿದ್ದರೆ ಅರ್ಧ ಕೆಲಸ ಹಗುರ. ನಮ್ಮ ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲೆ ಏನು ಹಾಸಿದರೂ ಏಳುತ್ತದೆ. ಅಲ್ಲಿ ಒಂದೂವರೆ ಅಡಿ ತೆಗೆದು ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಬೇಕಾಗುತ್ತದೆ. ನಿಮಗೆ ಆರು ಇಂಚು ತೆಗೆದು ನಾಲ್ಕು ಇಂಚು ಗರಸು ಹಾಕಿ, ನೀರು ಹೊಡೆದು ದಮ್ಮಸು ಮಾಡಿದರೆ ಸಾಕು. ಮೇಲೆ ಮೂರು ಇಂಚು ಕಾಂಕ್ರೀಟು. ಹಸಿ ಇರುವಾಗಲೇ ಕಸಬರಿಗೆಯಿಂದ ಅಡ್ಡ ಗೀರು ಎಳೆಸಿ, ಕಾಲು ಜಾರುವುದಿಲ್ಲ.

ಶಹಾಬಾದ್ ಫರಸಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನಯ ಮಾಡಿದ್ದು ಬೇಡವೇ ಬೇಡ. ಧಾರವಾಡದ ಜಡಿಮಳೆಯಲ್ಲಿ ಅದರ ಮೇಲೆ ಹಾವಸೆ ಹಿಡಿಯುತ್ತದೆ, ಗಟ್ಟಿಮುಟ್ಟಾದವರೇ ಬೀಳುತ್ತಾರೆ. ಬಿಡಿ ಕಡಿ ಹಾಕಿದರೆ ವೀಲ್‌ಚೇರಿನ ಮುಂದಿನ ಸಣ್ಣ ಗಾಲಿ ಹೂತುಹೋಗುತ್ತದೆ. ಬ್ಲಾಕ್ ಹಾಕಿದರೆ ಒಂದೆರಡು ಮಳೆಗಾಲಕ್ಕೆ ಒಂದು ಮೇಲೆ ಒಂದು ಕೆಳಗೆ. ಕಾಲು ಎಳೆದು ನಡೆಯುವವರಿಗೆ ಅರ್ಧ ಇಂಚಿನ ತುದಿಯೂ ಎಡವುತ್ತದೆ.

ದಾರಿ 4 ಅಡಿ. ವೀಲ್‌ಚೇರ್ ತಿರುಗಿಸಲು 5 ಅಡಿ ಉದ್ದ 5 ಅಡಿ ಅಗಲದ ಜಾಗ, ಕನಿಷ್ಠ ಎರಡು ಕಡೆ. ರಸ್ತೆಯಿಂದ ಸೈಟು ಒಂದು ಅಡಿ ಎತ್ತರ ಇದ್ದರೆ ಇಳಿಜಾರು 12 ಅಡಿ ಉದ್ದ ಬರಬೇಕು. ಜಾಗ ಇಲ್ಲ ಅಂತ 6 ಅಡಿಗೆ ಮುಗಿಸುವವರಿದ್ದಾರೆ, ಒಪ್ಪಬೇಡಿ. ದಾರಿಯ ಎರಡೂ ಅಂಚಿಗೆ ಎರಡು ಇಂಚಿನ ಸಣ್ಣ ಕಟ್ಟೆ ಎಬ್ಬಿಸಿ, ಕೋಲು ಮತ್ತು ಗಾಲಿ ಕೆಳಗೆ ಜಾರುವುದಿಲ್ಲ. ನೀರು ಹೋಗಲು ಅಲ್ಲಲ್ಲಿ ಕಿಂಡಿ ಬಿಡಿ. ಕೈಹಿಡಿಗೆ ಒಂದೂವರೆ ಇಂಚಿನ ಪೈಪು, ನೆಲದಿಂದ ಹತ್ತಿರ ಹತ್ತಿರ 3 ಅಡಿ, ನಡುವೆ ಎಲ್ಲೂ ತುಂಡಾಗಬಾರದು. ಏಪ್ರಿಲ್‌ನಲ್ಲಿ ಕಬ್ಬಿಣ ಸುಡುತ್ತದೆ, ಮೇಲೆ ನೂಲಿನ ಹಗ್ಗ ಸುತ್ತಿಸಿ ಅಥವಾ ನೆರಳಲ್ಲಿ ಬರುವ ಹಾಗೆ ಹಾಕಿಸಿ.

ಎತ್ತರದ ಮಡಿ ಅಂದರೆ ಗಾಬರಿಯಾಗಬೇಡಿ. ನಮ್ಮ ತುಳಸಿಕಟ್ಟೆ ಇದೆಯಲ್ಲ, ಅದೇ. ಬಗ್ಗದೆ ನಿಂತು ನೀರು ಹಾಕುವ ಎತ್ತರ ನಮ್ಮ ಹಿರಿಯರು ಮೊದಲೇ ಕಂಡುಕೊಂಡಿದ್ದಾರೆ. ಅದನ್ನೇ ಉದ್ದಕ್ಕೆ ಕಟ್ಟಿ ಅಂತ ಯಾವ ಗೌಂಡಿಗೆ ಹೇಳಿದರೂ ತಿಳಿಯುತ್ತದೆ. ನಿಂತು ಮಾಡುವವರಿಗೆ ಸುಮಾರು 3 ಅಡಿ ಎತ್ತರ. ಒಂದೇ ಕಡೆಯಿಂದ ಕೈ ಹಾಕುವುದಾದರೆ ಅಗಲ 2 ಅಡಿ ದಾಟಬಾರದು. ಕೆಳಗೆ ಇಟ್ಟಂಗಿ ಚೂರು, ಕಡಿ ತುಂಬಿ, ಮೇಲಿನ ಒಂದೂಕಾಲು ಅಡಿ ಮಾತ್ರ ಮಣ್ಣು. ಬುಡದಲ್ಲಿ ನಾಲ್ಕು ಇಂಚು ಒಳಗೆ ಸರಿಸಿ ಕಟ್ಟಿಸಿ, ನಿಂತವರ ಪಾದ ಒಳಗೆ ಹೋಗುತ್ತದೆ, ಮೈ ಮಡಿಗೆ ಹತ್ತಿರ ಬರುತ್ತದೆ. ಇದನ್ನು ಹೇಳದಿದ್ದರೆ ಯಾರೂ ಕಟ್ಟುವುದಿಲ್ಲ, ಮರೆಯಬೇಡಿ.

ವೀಲ್‌ಚೇರಿನವರಿಗೆ ಬೇರೆ. ಪಕ್ಕಕ್ಕೆ ಗಾಡಿ ನಿಲ್ಲಿಸಿ ಮಾಡುವುದಾದರೆ 2 ಅಡಿ ಎತ್ತರದ ಕಟ್ಟೆ ಸಾಕು. ನೇರವಾಗಿ ಮೊಣಕಾಲು ಒಳಗೆ ಹೋಗಬೇಕು ಅಂದರೆ ಟೇಬಲ್ ತರಹ ಕಬ್ಬಿಣದ ಚೌಕಟ್ಟು ಮಾಡಿಸಿ. ಕೆಳಗೆ 27 ಇಂಚು ಖಾಲಿ, ಮೇಲೆ ಬರೀ 6 ಇಂಚು ಆಳದ ಟ್ರೇ. ಅದಕ್ಕಿಂತ ಆಳ ಮಾಡಿದರೆ ಕೂತವರ ಕೈ ಭುಜದ ಮಟ್ಟಕ್ಕೆ ಏರುತ್ತದೆ, ಬೇಗ ಸೋಲುತ್ತದೆ. 6 ಇಂಚಿನಲ್ಲಿ ಮೆಂತೆ, ಕೊತ್ತಂಬರಿ, ಪುದೀನ ಚೆನ್ನಾಗಿ ಬರುತ್ತವೆ.

ಓದುಗ (ಹುಬ್ಬಳ್ಳಿ):

ಇಷ್ಟೆಲ್ಲ ಸ್ವಂತ ದುಡ್ಡಲ್ಲಿ ಯಾಕೆ? ಪಾಲಿಕೆಯ ಪಾರ್ಕ್‌ಗಳು ಇವೆಯಲ್ಲ, ಅಲ್ಲೇ ಒಂದು ಮೂಲೆ ಕೇಳಬಹುದು.

ಹಾವೇರಿ ಮಲ್ಲಿಗೆ:

ಕೇಳಬೇಕು, ಖಂಡಿತ ಕೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ. ಪಾರ್ಕಿನ್ಸನ್, ಎಂಎಸ್ ಎರಡೂ ಅದರಲ್ಲಿ ಬರುತ್ತವೆ. ಸಾರ್ವಜನಿಕ ಜಾಗಗಳು ನಮಗೂ ಬಳಸಲು ಬರುವಂತೆ ಇರಬೇಕು ಅಂತಲೂ ಅದರಲ್ಲಿದೆ. ಅರ್ಜಿಯಲ್ಲಿ ಕಾಯ್ದೆಯ ಹೆಸರು ಬರೆದು ಕೊಡಿ. ಆದರೆ ಅದು ಆಗುವ ತನಕ ಇವರ ಅಪ್ಪ ಕಾಯುತ್ತಾ ಕೂರಬೇಕಾ? ಎರಡೂ ನಡೆಯಲಿ.

ಟೀಚರ್, ನನಗೂ ಎಂಎಸ್ ಇದೆ. ನಿಮ್ಮ ಓಣಿಯ ಹುಡುಗಿಯ ಪರವಾಗಿ ನಾಲ್ಕು ಮಾತು ಹೇಳಿಬಿಡುತ್ತೇನೆ, ಅವಳು ಸಂಕೋಚದಿಂದ ಹೇಳದೇ ಇರಬಹುದು.

ಮೊದಲನೆಯದು ಶೌಚಾಲಯ. ಎಲ್ಲರೂ ಹೂವು, ಬೆಂಚು, ದಾರಿ ಬಗ್ಗೆ ಮಾತಾಡುತ್ತಾರೆ. ನಮ್ಮಲ್ಲಿ ಅನೇಕರಿಗೆ ಮೂತ್ರ ಬಂತು ಅಂದರೆ ತಡೆದುಕೊಳ್ಳಲು ಆಗುವುದಿಲ್ಲ. ಹತ್ತಿರದಲ್ಲಿ ಮೆಟ್ಟಿಲಿಲ್ಲದ ಶೌಚಾಲಯ ಇಲ್ಲದಿದ್ದರೆ ಎಷ್ಟೇ ಚಂದದ ತೋಟ ಇದ್ದರೂ ನಾನು ಹೋಗುವುದಿಲ್ಲ, ಅಥವಾ ನೀರು ಕುಡಿಯದೆ ಹೋಗುತ್ತೇನೆ. ಬಿಸಿಲಲ್ಲಿ ನೀರು ಕುಡಿಯದೆ ಇರುವುದು ಇನ್ನೂ ಅಪಾಯ. ನಿಮ್ಮ ಮನೆ ಪಕ್ಕದಲ್ಲೇ ಇದೆ ಅಂದಿರಿ. ಮನೆಯ ಬಚ್ಚಲಿಗೆ ಹೊರಗಿನಿಂದ ಒಂದು ಬಾಗಿಲು ಮಾಡಿಸಲು ಬಂದರೆ ಮಾಡಿಸಿ. ಅವಳಿಗೆ "ಇಲ್ಲಿದೆ, ಕೇಳಬೇಕಾಗಿಲ್ಲ, ಸುಮ್ನೆ ಹೋಗಿ ಬಾ" ಅಂತ ಮೊದಲ ದಿನವೇ ಹೇಳಿ.

ಎರಡನೆಯದು ಬಿಸಿಲು. ಮೈ ಬಿಸಿಯಾದರೆ ನನ್ನ ಬಲಗಣ್ಣು ಮಂಜಾಗುತ್ತದೆ, ಕಾಲು ಸೋಲುತ್ತವೆ. ತಣ್ಣಗಾದ ಮೇಲೆ ಮೊದಲಿನ ಹಾಗೆ ಆಗುತ್ತದೆ. ಮೈ ದಣಿದಾಗ ಕಣ್ಣು ಹೀಗೆ ಮಂಜಾಗುವುದನ್ನು ಉಥಾಫ್ ಎಂಬ ಜರ್ಮನ್ ಕಣ್ಣಿನ ಡಾಕ್ಟರು 1890ರಲ್ಲೇ ಬರೆದಿಟ್ಟಿದ್ದಾರೆ. ಆದರೂ ನಮ್ಮಲ್ಲಿ ಎಷ್ಟೋ ಜನ ಇದನ್ನು ಸೋಮಾರಿತನ ಅಂದುಕೊಳ್ಳುತ್ತಾರೆ. ಹಾವೇರಿಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತು, ಧಾರವಾಡ ಸ್ವಲ್ಪ ವಾಸಿ. ನಾನು ಬೆಳಿಗ್ಗೆ ಎಂಟರೊಳಗೆ ಎಲ್ಲ ಮುಗಿಸುತ್ತೇನೆ. ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಳ್ಳುತ್ತೇನೆ. ಕೆಲಸದ ಜಾಗದ ಮೇಲೆ ಹಸಿರು ನೆಟ್ ಕಟ್ಟಿಸಿ. ಮುಂದಿನ ವರ್ಷಗಳಿಗೆ ಒಂದು ಬೇವು ಅಥವಾ ಹೊಂಗೆ ಇವತ್ತೇ ನೆಡಿ.

ಕೂರುವುದಕ್ಕೆ ಕಲ್ಲು ಬೆಂಚು ಬೇಡ. ಬೆನ್ನಿಗೆ ಆಸರೆ, ಎರಡೂ ಕಡೆ ಕೈ ಇರುವ ಕುರ್ಚಿ ಬೇಕು. ಏಳುವಾಗ ಒತ್ತಿಕೊಂಡು ಏಳಬೇಕಲ್ಲ. ಅದೂ ದಾರಿಯ ಕೊನೆಯಲ್ಲಿ ಒಂದೇ ಅಲ್ಲ, ನಡುನಡುವೆ ಇರಲಿ. ನಮ್ಮ ದಣಿವು ಹೇಳಿ ಕೇಳಿ ಬರುವುದಿಲ್ಲ.

ಇನ್ನು ಮನಸ್ಸಿಗೆ ಹತ್ತಿರದ ವಿಷಯ. ನಾನು ಒಂದು ಸಸಿ ನಾಟಿ ಮಾಡಲು ಬಹಳ ಹೊತ್ತು ತೆಗೆದುಕೊಳ್ಳುತ್ತೇನೆ. ನೋಡುತ್ತಾ ನಿಂತವರು "ಕೊಡವ್ವಾ, ನಾನು ಮಾಡ್ತೀನಿ" ಅಂತ ಕೈಯಿಂದ ಕುರುಪಿ ತೆಗೆದುಕೊಂಡುಬಿಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಗೊತ್ತು. ಆದರೆ ಆಗ ಆ ಸಸಿ ನನ್ನದಲ್ಲ ಅನಿಸಿಬಿಡುತ್ತದೆ. ದಯವಿಟ್ಟು ನಿಮ್ಮ ತೋಟಕ್ಕೆ ಬರುವವರ ಮನೆಯವರಿಗೆಲ್ಲ ಇದನ್ನು ಹೇಳಿ. ಕರೆದರೆ ಬನ್ನಿ, ಕರೆಯುವ ತನಕ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯಿರಿ. ಮತ್ತೆ ಗೇಟಿನ ಮೇಲೆ ರೋಗಿಗಳ ತೋಟ ಅಂತ ಬೋರ್ಡ್ ಹಾಕಬೇಡಿ. ಹೆಸರೇ ಬೇಕಾದರೆ ಅವರೇ ಇಟ್ಟುಕೊಳ್ಳಲಿ.

ಕೆಲಗೇರಿ ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. ಹಾವೇರಿ ಅವರೇ, ನಿಮ್ಮ ಮಾತನ್ನು ಓಣಿಯ ಹುಡುಗಿಗೆ ಓದಿ ಹೇಳಿದೆ. "ಶೌಚಾಲಯದ್ದು ನಾನೇ ಹೇಳಬೇಕು ಅಂತಿದ್ದೆ ಅಕ್ಕ" ಅಂದಳು.

ಫಿಜಿಯೋ ಸರ್, ಸೀಮೆಸುಣ್ಣದ ಗೆರೆ ಎಳೆದೆ. ಅಪ್ಪ ಬಾಗಿಲು ದಾಟಿದರು. ತಡೆದು ನಿಂತರು, ಗೆರೆ ನೋಡಿದರು, ದಾಟಿದರು. ಅವ್ವ ಅಡುಗೆ ಮನೆಯಿಂದ ಬಂದು ನೋಡುತ್ತಾ ನಿಂತಿದ್ದಳು.

ಇನ್ನೊಂದು ಕೇಳಬೇಕು. ದವನ, ಮರುಗ, ಮಲ್ಲಿಗೆ ಹಾಕಿ, ವಾಸನೆ ಮನಸ್ಸಿಗೆ ಹಿತ ಅಂತ ಎಲ್ಲರೂ ಹೇಳುತ್ತಿದ್ದಾರೆ. ದವನ ತಂದು ಅಪ್ಪನ ಮೂಗಿಗೆ ಹಿಡಿದರೆ ಅವರಿಗೆ ಏನೂ ಗೊತ್ತಾಗಲಿಲ್ಲ. ಇದು ಶೀತದಿಂದಲೋ ಏನೋ? ಮತ್ತೆ ಅಜ್ಜಿಯ ಬಗ್ಗೆ ಸ್ವಲ್ಪ ಹೇಳಿ. ಅವರು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತಾರಂತೆ.

ಹುಬ್ಬಳ್ಳಿ ಫಿಜಿಯೋ:

ಶೀತ ಇರಲಿಕ್ಕಿಲ್ಲ. ಪಾರ್ಕಿನ್ಸನ್‌ನಲ್ಲಿ ವಾಸನೆ ಗೊತ್ತಾಗದಿರುವುದು ಬಹಳ ಸಾಮಾನ್ಯ, ಎಷ್ಟೋ ಜನರಿಗೆ ನಡುಕ ಶುರುವಾಗುವ ವರ್ಷಗಳ ಮೊದಲೇ ಹೋಗಿರುತ್ತದೆ. ಅವರ ಡಾಕ್ಟರಿಗೆ ಒಂದು ಮಾತು ಹೇಳಿಡಿ. ಅಪ್ಪನ ಮಡಿಗೆ ಮುಟ್ಟಿದರೆ ತಿಳಿಯುವಂಥದ್ದು, ಕಿವಿಗೆ ಕೇಳುವಂಥದ್ದು ಹಾಕಿ. ಜೋಳದ ಗರಿ ಗಾಳಿಗೆ ಸದ್ದು ಮಾಡುತ್ತದೆ. ಒಣಗಿದ ಹೆಸರು ಕಾಯಿ ಒಡೆಯುವ ಸದ್ದು ಅವರಿಗೆ ಜೀವನಪೂರ್ತಿ ಗೊತ್ತು. ಮಲ್ಲಿಗೆ ಉಳಿದವರಿಗೆ ಇರಲಿ.

ಅಜ್ಜಿ ಬರುವ ತೋಟದಲ್ಲಿ ಕಣಗಿಲೆ, ದತ್ತೂರಿ, ಎಕ್ಕೆ ಬೇಡವೇ ಬೇಡ. ಕಣಗಿಲೆ ದೇವರ ಹೂ ಅಂತ ಎಲ್ಲರ ಹಿತ್ತಲಲ್ಲೂ ಇರುತ್ತದೆ, ಆದರೆ ಅದರ ಎಲೆಯೂ ಹೃದಯಕ್ಕೆ ವಿಷ. ಔಷಧಿ ಹೊಡೆಯುವ ಡಬ್ಬಿ ಬೀಗದಲ್ಲಿ ಇರಲಿ, ಹೊಡೆಯದಿದ್ದರೆ ಇನ್ನೂ ಒಳ್ಳೆಯದು. ದಾರಿ ಒಂದು ಸುತ್ತು ಹೊಡೆದು ಹೊರಟ ಜಾಗಕ್ಕೇ ಬರಲಿ. ಎದುರಿಗೆ ದಾರಿ ಮುಗಿದು ಗೋಡೆ ಬಂದರೆ ಮರೆವಿನವರಿಗೆ ಗಾಬರಿಯಾಗುತ್ತದೆ. ತೆರೆದ ತೊಟ್ಟಿ ಇಡಬೇಡಿ.

ಅಣ್ಣಿಗೇರಿ ಅಕ್ಕ:

ಟೀಚರ್ ಅವರೇ, ನಮ್ಮ ಯಜಮಾನರು ಬಸ್ ಕಂಡಕ್ಟರ್ ಇದ್ದರು. ಲಕ್ವ ಹೊಡೆದು ಬಲಗೈ ಹೋಯಿತು, ಮಾತೂ ಹೋಯಿತು. ದಿನಕ್ಕೆ ಸಾವಿರ ಮಂದಿ ಜೊತೆ ಮಾತಾಡಿದ ಮನುಷ್ಯ. ಈಗ ಅವರ ಹಿತ್ತಲು ಅವರದೇ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಕುರುಪಿಯ ಹಿಡಿಕೆಗೆ ಹಳೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ. ಹಿಡಿತ ಕಡಿಮೆ ಇರುವ ಕೈಗೆ ಸಣ್ಣ ಹಿಡಿಕೆ ನಿಲ್ಲುವುದಿಲ್ಲ. ಹಿಡಿಕೆಗೆ ಕೆಂಪು ಬಟ್ಟೆ ತುಂಡು ಕಟ್ಟಿ, ಮಣ್ಣಲ್ಲಿ ಬಿದ್ದರೂ ಕಾಣುತ್ತದೆ. ಒಂದೇ ಕೈಯಲ್ಲಿ ಕುಂಡದ ಕೆಲಸ ಮಾಡುವಾಗ ಕುಂಡ ಸರಿಯುತ್ತದೆ, ಕೆಳಗೆ ಒದ್ದೆ ಗೋಣಿಚೀಲ ಹಾಸಿದರೆ ಅಲುಗುವುದಿಲ್ಲ. ನಳಕ್ಕೆ ತಿರುಗಿಸುವ ತೋಟಿ ಬೇಡ, ಮೊಣಕೈಯಿಂದ ತಳ್ಳುವ ಉದ್ದ ಹಿಡಿಯದ್ದು ಹಾಕಿಸಿ.

ನೀರು ಹೊರುವುದು ಇವರಾರಿಗೂ ಆಗದ ಕೆಲಸ. ನಾವು ಮಡಿಯೊಳಗೆ ಸಣ್ಣ ಮಣ್ಣಿನ ಗಡಿಗೆ ಕಂಠದ ತನಕ ಹುಗಿದಿದ್ದೇವೆ. ಸುಟ್ಟ ಮಣ್ಣಿನದು, ಬಣ್ಣ ಬಳಿಯದೆ ಇರುವುದು. ನಳ ಬಂದ ದಿನ ತುಂಬಿಸಿ ಮುಚ್ಚಿಟ್ಟರೆ ಗೋಡೆಯಿಂದ ಒಸರಿ ಬೇರಿಗೆ ಹೋಗುತ್ತಾ ಇರುತ್ತದೆ. ಸುತ್ತಲೂ ಹೀರೆ, ಬೆಂಡೆ ಚೆನ್ನಾಗಿ ಬರುತ್ತವೆ.

ಬೀಜದಲ್ಲೂ ಯೋಚನೆ ಮಾಡಿ. ನಡುಗುವ ಕೈಗೆ ಅವರೆ, ಕುಂಬಳ, ಹೀರೆ, ಕಡಲೆ, ಹೀಗೆ ದಪ್ಪ ಬೀಜ ಕೊಡಿ. ರಾಜಗಿರಿಯಂಥ ಸಣ್ಣ ಬೀಜವನ್ನು ಮರಳಲ್ಲಿ ಕಲಸಿ ಚೆಲ್ಲಿದರೆ ನಡುಕ ಇದ್ದರೂ ಎಲ್ಲ ಕಡೆ ಸಮ ಬೀಳುತ್ತದೆ. ನಿಮ್ಮ ಅಪ್ಪನಿಗೆ ಗೊತ್ತೇ ಇರುತ್ತದೆ, ಅವರನ್ನೇ ಕೇಳಿ. ಮೆಂತೆ, ಕಿರಕಸಾಲಿ, ಹಕ್ಕರಕಿ ಸೊಪ್ಪುಗಳು ಬೇಗ ಬರುತ್ತವೆ, ಕಾಯುವ ತಾಳ್ಮೆ ಇಲ್ಲದವರಿಗೂ ಹುರುಪು. ಹಕ್ಕರಕಿ ಕಿತ್ತು ತೊಳೆದು ರೊಟ್ಟಿ ಜೊತೆ ಹಸಿಯಾಗೇ ತಿನ್ನಬಹುದು.

ಮೆಣಸಿನಕಾಯಿ ಬಗ್ಗೆ ಮಾತ್ರ ಎಚ್ಚರ. ಕೈಯಲ್ಲಿ ಸ್ಪರ್ಶ ಕಡಿಮೆ ಇರುವವರಿಗೆ ಖಾರ ಹತ್ತಿದ್ದು ಗೊತ್ತಾಗುವುದಿಲ್ಲ, ಅದೇ ಕೈ ಕಣ್ಣಿಗೆ ಹೋಗುತ್ತದೆ. ಗುಲಾಬಿ ಮುಳ್ಳೂ ಹಾಗೇ, ಚುಚ್ಚಿ ರಕ್ತ ಬಂದ ಮೇಲೆ ನಾವೇ ನೋಡಿ ಹೇಳಬೇಕು.

ನಮ್ಮ ಮನೆಯವರಿಗೆ ಮಾತು ಹೊರಡುವುದು ಬಹಳ ಕಷ್ಟ. ಪ್ರತಿ ಮಡಿಗೆ ಒಂದು ಚಿತ್ರ ಬರೆದು ಚುಚ್ಚಿದ್ದೇವೆ, ಕೆಳಗೆ ದೊಡ್ಡ ಅಕ್ಷರದಲ್ಲಿ ಹೆಸರು. ನೀರು ಹಾಕುತ್ತಾ ಒಂದೊಂದನ್ನೇ ಹೇಳಲು ನೋಡುತ್ತಾರೆ. "ಮೆಂತೆ" ಬರುತ್ತದೆ. "ಕೊತ್ತಂಬರಿ" ಇನ್ನೂ ಬರುವುದಿಲ್ಲ, "ಕೊ" ಅಂತ ನಿಲ್ಲುತ್ತದೆ. ನಾನು ಮುಂದಿನದು ಹೇಳಿಕೊಡುವುದಿಲ್ಲ, ಕಾಯುತ್ತೇನೆ. ಮೇಲೆ ಹಾವೇರಿ ತಂಗಿ ಹೇಳಿದ್ದು ನೂರಕ್ಕೆ ನೂರು ನಿಜ.

ಕೆಲಗೇರಿ ಟೀಚರ್:

ಅಕ್ಕಾರೆ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಅವರಿಗೆ ನನ್ನ ನಮಸ್ಕಾರ ಹೇಳಿ.

ನಿನ್ನೆ ಸಂಜೆ ನಾಲ್ಕೂ ಜನ ನಮ್ಮ ಕಟ್ಟೆಯ ಮೇಲೆ ಕೂತಿದ್ದರು. ಬ್ಯಾಂಕಿನವರು ಲೆಕ್ಕ ಬರೆಯುತ್ತೇನೆ ಅಂದರು, ಬೀಜಕ್ಕೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಯಾವ ದಿನ ಏನು ಬಿತ್ತಿದೆವು ಅಂತ. ಜೊತೆಗೆ ಒಂದು ಮಡಿ ಸೇವಂತಿಗೆ ಬೇಕಂತೆ. ಹುಡುಗಿಗೆ ಟ್ರೇಯಲ್ಲಿ ಪುದೀನ, ಕೊತ್ತಂಬರಿ. ಅಜ್ಜಿ ಏನೂ ಹೇಳಲಿಲ್ಲ, ಆದರೆ ಸೊಸೆ ತಂದಿದ್ದ ಅಬ್ಬಲಿಗೆ ಹೂವನ್ನು ಎಷ್ಟು ಚಂದ ಕಟ್ಟಿದರು ಅಂದರೆ ನಾವೆಲ್ಲ ನೋಡುತ್ತಾ ಉಳಿದೆವು. ಅವರ ಮಡಿಗೆ ಅಬ್ಬಲಿಗೆ ಅಂತ ತೀರ್ಮಾನ.

ಅಪ್ಪನ ಬೇಡಿಕೆ ಒಂದೇ. ತಮ್ಮ ಮಡಿಗೆ ನಮ್ಮ ಹೊಲದ ಎರಿ ಮಣ್ಣೇ ಬೇಕು, ಇಲ್ಲಿಯ ಕೆಂಪು ಮಣ್ಣಲ್ಲಿ ಕಡಲೆ ಹಾಕುವುದಿಲ್ಲ ಅನ್ನುತ್ತಿದ್ದಾರೆ. ಗೌಂಡಿ ಅಣ್ಣಾರೆ, ಮಡಿಯೊಳಗೆ ಎರಿ ಮಣ್ಣು ತುಂಬಿದರೆ ಉಬ್ಬಿ ಗೋಡೆ ಬಿರಿಯುತ್ತದೆಯೇ? 8 ಅಡಿ ಉದ್ದ, 2 ಅಡಿ ಅಗಲ ಅಂದುಕೊಂಡಿದ್ದೇವೆ. ಹಿಂಗಾರಿ ಬಿತ್ತನೆಗೆ ಮೊದಲು ಆಗಬೇಕು.

ಗದಗ ಗೌಂಡಿ:

ಬರೀ ಎರಿ ತುಂಬಿದರೆ ಒತ್ತುತ್ತದೆ. ಮೂರು ಪಾಲು ಎರಿಗೆ ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕಲಸಿ. ಗೋಡೆಯ ಒಳಮೈಗೆ ಅಂಟಿಸಿ ಎರಡು ಇಂಚು ಥರ್ಮಾಕೋಲ್ ಹಾಳೆ ನಿಲ್ಲಿಸಿ ಆಮೇಲೆ ಮಣ್ಣು ತುಂಬಿ, ಉಬ್ಬಿದರೆ ಅದು ತಗ್ಗುತ್ತದೆ. ಬುಡದಲ್ಲಿ ಎರಡು ಅಡಿಗೊಂದು ನೀರು ಹೋಗುವ ತೂತು. 8 ಅಡಿಗೆ ನಡುವೆ ಒಂದು ಅಡ್ಡಗೋಡೆ ಕೊಡಿ. ಎರಿ ಮಣ್ಣು ಒಣ ಇರುವಾಗಲೇ ತರಿಸಿ ಅಕ್ಕಾರೆ, ಹಸಿಯಾದರೆ ಟ್ರ್ಯಾಕ್ಟರ್‌ನಿಂದ ಇಳಿಸಲು ಆಗುವುದಿಲ್ಲ. ಸೈಟಿನ ಅಳತೆ ಮತ್ತು ರಸ್ತೆಯಿಂದ ಎಷ್ಟು ಎತ್ತರ ಇದೆ ಅಂತ ಇಲ್ಲೇ ಹಾಕಿ, ದಾರಿಯ ನಕ್ಷೆ ಬರೆದು ಕೊಡುತ್ತೇನೆ.